ಕತ್ತರಿ ಹಾಕುವ ಮುನ್ನ

ಕಳೆದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ, ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಪತ್ನೀಕನಾಗಿ ನಮ್ಮ ಮನೆಗೆ ಬಂದಿದ್ದ. ಉಪಚಾರವೆಲ್ಲ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ದೊಡ್ಡ ಪಟವನ್ನು ನನ್ನ ಕೈಯಲ್ಲಿಟ್ಟು, "ಮೇಷ್ಟ್ರೇ, ಚರಿತ್ರೆಯ ಪಾಠದ ನಡುವೆ ನೀವು ವ್ಯಂಗ್ಯಚಿತ್ರಗಳ ಅಲ್ಬಮ್ ತೆಗೆದು ತೋರಿಸುತ್ತಿದ್ದುದನ್ನು ನಾನು ಮರೆತಿಲ್ಲ. ಅದರ ಋಣಕ್ಕೆ ಇದು" ಎಂದ. ನಿಮ್ಮಲ್ಲಿಯೂ ಹಲವರಿಗೆ ಆ ಅಲ್ಬಮ್ ನೆನಪಿರಬಹುದು. ಈ ಲೇಖನ ಬರೆಯಲು ಆ ಪಟವೂ ಈ ಅಲ್ಬಮ್ಮೂ ಎರಡೂ ಕಾರಣ.

ಪಟದಲ್ಲಿದ್ದುದು ಜೇಮ್ಸ್ ಗಿಲ್ರೆ ಎಂಬ ಆಂಗ್ಲ ವಿಡಂಬನಕಾರನ ಪ್ರಸಿದ್ಧ ಚಿತ್ರ. ಊಟದ ಮೇಜಿನ ಮೇಲೆ ಭೂಗೋಳವೇ ಒಂದು ದೊಡ್ಡ ಕಡುಬಾಗಿ ಹಬೆಯಾಡುತ್ತಿದೆ. ಒಂದು ಕಡೆ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್, ಇನ್ನೊಂದು ಕಡೆ ಕುಳ್ಳಗೆ ಕಾಣುವ ನೆಪೋಲಿಯನ್. ಪಿಟ್ ಸಮುದ್ರದ ಭಾಗವನ್ನು ಕತ್ತರಿಸಿಕೊಳ್ಳುತ್ತಿದ್ದರೆ ನೆಪೋಲಿಯನ್ ಯುರೋಪನ್ನು ಕೊಯ್ದುಕೊಳ್ಳುತ್ತಿದ್ದಾನೆ. ಹತ್ತು ಪುಟಗಳಲ್ಲಿ ವಿವರಿಸಬೇಕಾದ ಸಾಮ್ರಾಜ್ಯಶಾಹಿಯ ಹಸಿವನ್ನು ಆ ಒಂದು ಹಾಳೆ ಹೇಳಿಬಿಡುತ್ತದೆ. ಗಿಲ್ರೆ ಹುಟ್ಟಿದ್ದು 1756ರಲ್ಲಿ, ತೀರಿಕೊಂಡದ್ದು 1815ರಲ್ಲಿ. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಹ್ಯಾನಾ ಹಂಫ್ರಿ ಎಂಬ ಮಹಿಳೆಯ ಚಿತ್ರದಂಗಡಿಯ ಮೇಲ್ಮಹಡಿಯಲ್ಲೇ ಅವನ ವಾಸ. ತಾಮ್ರದ ತಗಡಿನ ಮೇಲೆ ಗೆರೆ ಎಳೆದು, ಆಮ್ಲದಿಂದ ಕೊರೆದು, ಕಾಗದದ ಮೇಲೆ ಅಚ್ಚೊತ್ತಿ, ಕೈಯಿಂದ ಬಣ್ಣ ತುಂಬಿ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದರೆ ಜನ ಬೀದಿಯಲ್ಲಿ ಗುಂಪುಗೂಡಿ ನೋಡುತ್ತಿದ್ದರು. ಬಣ್ಣವಿಲ್ಲದ ಹಾಳೆಗೆ ಸುಮಾರು ಒಂದು ಶಿಲಿಂಗ್, ಬಣ್ಣದ್ದಕ್ಕೆ ಎರಡು ಶಿಲಿಂಗ್ ಬೆಲೆ. ಕೊಳ್ಳಲಾರದವರಿಗಾಗಿ ಪಿಕಡಿಲಿಯ ಫೋರ್ಸ್ ಎಂಬ ವ್ಯಾಪಾರಿ ಚಿತ್ರಗಳ ಕಟ್ಟನ್ನು ಒಂದು ಸಂಜೆಯ ಮಟ್ಟಿಗೆ ಬಾಡಿಗೆಗೂ ಕೊಡುತ್ತಿದ್ದ.

ಪ್ರಯಾಣದಲ್ಲಿ ಪಟದ ಗಾಜು ಬಿರುಕು ಬಿಟ್ಟಿತ್ತು. ಮರುದಿನ ಹೊಸ ಕಟ್ಟು ಹಾಕಿಸಲೆಂದು ಹಿಂಬದಿಯ ಹಲಗೆಯನ್ನು ಬಿಚ್ಚಿದಾಗ ಇಬ್ಬರೂ ಬೆರಗಾದೆವು. ಹಾಳೆಯ ಬೆನ್ನಿನ ಮೇಲೆ ಇನ್ನೊಂದು ವ್ಯಂಗ್ಯಚಿತ್ರ ಅಚ್ಚಾಗಿತ್ತು! ಮುಂಬದಿಯ ಬಲಮೂಲೆಯಲ್ಲಿ, ಚೌಕಟ್ಟಿನ ಅಡಿಯಲ್ಲಿ ಮರೆಯಾಗಿದ್ದ ಒಂದು ಸಣ್ಣ ಸಂಖ್ಯೆಯೂ ಕಂಡಿತು. ಗಿಲ್ರೆಯ ತಗಡುಗಳನ್ನು ಹೆನ್ರಿ ಬಾನ್ ಎಂಬ ಪ್ರಕಾಶಕ ಆಮೇಲೆ ಕೊಂಡುಕೊಂಡು, 1851ರಲ್ಲಿ ದಪ್ಪ ಕಾಗದದ ಎರಡೂ ಮಗ್ಗುಲಿಗೆ ಅಚ್ಚೊತ್ತಿ, ಸಂಖ್ಯೆ ಹಾಕಿ, ದೊಡ್ಡ ಸಂಪುಟವಾಗಿ ಪ್ರಕಟಿಸಿದ್ದನೆಂದು ನಾನು ಓದಿ ಬಲ್ಲೆ. ನಮ್ಮ ಕೈಯಲ್ಲಿದ್ದುದು ಆ ಸಂಪುಟದಿಂದ ಕತ್ತರಿಸಿದ ಹಾಳೆ. ಬಣ್ಣವನ್ನು ಆಮೇಲೆ ಯಾರೋ ಬಳಿದದ್ದು. ಪಟದ ಹಿಂದೆ ಅಂಗಡಿಯವನು ಅಂಟಿಸಿದ್ದ ಚೀಟಿಯಲ್ಲಿ 'ಗಿಲ್ರೆ, 1805' ಎಂದಷ್ಟೇ ಇತ್ತು. ಅದು ಸುಳ್ಳೂ ಅಲ್ಲ. ತಗಡು 1805ರದ್ದೇ; ಹಾಳೆ ಮಾತ್ರ ಗಿಲ್ರೆ ಸತ್ತು ಮೂವತ್ತಾರು ವರ್ಷಗಳ ನಂತರದ್ದು.

"ಹಾಗಾದರೆ ನಾನು ಮೋಸ ಹೋದೆನೇ, ಮೇಷ್ಟ್ರೇ?" ಎಂದು ಅವನು ಮುಖ ಸಣ್ಣ ಮಾಡಿದ. "ಮೋಸ ಹೋಗಲಿಲ್ಲಪ್ಪ. ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ, ಅಷ್ಟೆ" ಎಂದೆ. ಹಾಗೆ ಹೇಳಿ ದೊಡ್ಡವನಾದೆನೇ ಹೊರತು, ಆ ರಾತ್ರಿ ನಿದ್ದೆ ಬರಲಿಲ್ಲ. ಬೀರುವಿನ ಮೇಲಿದ್ದ ನನ್ನ ಅಲ್ಬಮ್ಮನ್ನು ಇಳಿಸಿ ನೋಡುತ್ತಾ ಕುಳಿತೆ. ನಿಮಗೆ ಇದುವರೆಗೆ ಹೇಳದ ಒಂದು ಸಂಗತಿಯನ್ನು ಇಂದು ಹೇಳಬೇಕು.

ನಮ್ಮ ತಂದೆಯವರು 'ಕೊರವಂಜಿ'ಯ ಚಂದಾದಾರರಾಗಿದ್ದರು. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಆ ಹಾಸ್ಯ ಮಾಸಪತ್ರಿಕೆಯನ್ನು ಬಲ್ಲ ಹಿರಿಯರು ನಮ್ಮ ಬಂಧುಗಳಲ್ಲಿ ಇನ್ನೂ ಇದ್ದೀರಿ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರು ವಿದ್ಯಾರ್ಥಿ ದೆಸೆಯಲ್ಲಿ ಚಿತ್ರ ಬರೆದ ಪತ್ರಿಕೆ ಅದು. ತಂದೆಯವರು ಪ್ರತಿ ಸಂಚಿಕೆಯನ್ನೂ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಏನಾದರೂ ಗುರುತು ಮಾಡಿ, ವರ್ಷಕ್ಕೊಂದು ಕಟ್ಟು ಕಟ್ಟಿ ಅಟ್ಟದ ಮೇಲಿಡುತ್ತಿದ್ದರು. ಅವರು ತೀರಿಕೊಂಡ ಮೂರು ವರ್ಷಕ್ಕೆ, ಅಂದರೆ 1975ರಲ್ಲಿ, ಹೊಸ ಉತ್ಸಾಹದ ಮೇಷ್ಟ್ರಾಗಿದ್ದ ನಾನು ಪಾಠಕ್ಕೆ ಬೇಕೆಂದು ಆ ಕಟ್ಟುಗಳನ್ನೆಲ್ಲ ಬಿಚ್ಚಿ, ಚಂದವಾದ ಚಿತ್ರಗಳನ್ನು ಮಾತ್ರ ಕತ್ತರಿಸಿ, ಮೈದಾ ಅಂಟಿನಿಂದ ಕಪ್ಪು ಹಾಳೆಗಳ ಮೇಲೆ ಅಂಟಿಸಿದೆ. ಉಳಿದದ್ದೆಲ್ಲ ಹಳೆಯ ಪೇಪರಿನವನ ತಕ್ಕಡಿ ಸೇರಿತು. ಅಂದು ಅದರಿಂದ ಬಂದ ಹಣಕ್ಕೆ ಮಕ್ಕಳಿಗೆ ಬಣ್ಣದ ಸೀಮೆಸುಣ್ಣ ತಂದಿದ್ದೆನೆಂಬ ಹೆಮ್ಮೆ ಬೇರೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಸುಳ್ಳಲ್ಲ.

ಈಗ ಆ ಅಲ್ಬಮ್ಮಿನಲ್ಲಿ ನೂರಾರು ಚಿತ್ರಗಳಿವೆ. ಒಂದಕ್ಕೂ ತಿಂಗಳಿಲ್ಲ, ವರ್ಷವಿಲ್ಲ. ಯಾವ ಲೇಖನದ ಪಕ್ಕದಲ್ಲಿ ಅಚ್ಚಾಗಿತ್ತು, ಯಾರನ್ನು ಕುರಿತು ನಗಲಾಗಿತ್ತು ಎಂಬುದನ್ನು ಹೇಳುವ ಸಾಕ್ಷಿಯೂ ಇಲ್ಲ. ರೇಷನ್ ಅಂಗಡಿಯ ಸಾಲನ್ನು ಹಾಸ್ಯ ಮಾಡುವ ಒಂದು ಚಿತ್ರವಿದೆ. ಅದು ಯುದ್ಧಕಾಲದ್ದೋ, ಸ್ವಾತಂತ್ರ್ಯ ಬಂದ ಮೇಲಿನದೋ? ಪರಕೀಯ ಸರ್ಕಾರವನ್ನು ಕುಟುಕಿದ್ದೋ, ನಮ್ಮದೇ ಸರ್ಕಾರವನ್ನೋ? ಈ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಆ ಚಿತ್ರದ ಅರ್ಧ ಪ್ರಾಣ ಹೋದಂತೆಯೇ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ವ್ಯಂಗ್ಯಚಿತ್ರವು ಬೇರೆ ಚಿತ್ರಗಳಂತಲ್ಲ. ನಿಸರ್ಗದೃಶ್ಯವನ್ನೋ ದೇವರ ಪಟವನ್ನೋ ಯಾವ ಕಾಲದಲ್ಲಿ ನೋಡಿದರೂ ಅದು ತನ್ನಷ್ಟಕ್ಕೆ ನಿಲ್ಲುತ್ತದೆ. ವ್ಯಂಗ್ಯಚಿತ್ರವಾದರೋ ಒಂದು ದಿನದ, ಒಂದು ಊರಿನ, ಒಂದು ಜಗಳದ ಮಾತು. ಅದನ್ನು ಸಂಗ್ರಹಿಸುವವನು ಚಿತ್ರವನ್ನು ಉಳಿಸಿ ದಿನಾಂಕವನ್ನು ಕಳೆದರೆ, ಸಾಕ್ಷಿಯ ನಾಲಗೆ ಕಿತ್ತು ನ್ಯಾಯಾಲಯಕ್ಕೆ ಕರೆತಂದಂತೆ.

ಇಂಗ್ಲೆಂಡಿನವರು ಈ ವಿಷಯದಲ್ಲಿ ಅದೃಷ್ಟವಂತರು. ಹೋಗಾರ್ತ್ ಮೊದಲಾದ ಚಿತ್ರಕಾರರು ಕಳ್ಳ ಅಚ್ಚಿನವರ ಕಾಟ ತಾಳಲಾರದೆ ಪಾರ್ಲಿಮೆಂಟಿಗೆ ಮೊರೆಯಿಟ್ಟುದರ ಫಲವಾಗಿ 1735ರಲ್ಲಿ ಒಂದು ಕಾನೂನು ಬಂತು. ಹಕ್ಕು ಉಳಿಯಬೇಕಾದರೆ ತಗಡಿನ ಮೇಲೆಯೇ ಮಾಲೀಕನ ಹೆಸರನ್ನೂ ಪ್ರಕಟಣೆಯ ದಿನವನ್ನೂ ಕೊರೆಯಬೇಕೆಂಬುದು ಅದರ ನಿಯಮ. ಹೊಟ್ಟೆಪಾಡಿಗಾಗಿ ಮಾಡಿದ ಈ ನಿಯಮ ಚರಿತ್ರೆಗೆ ವರವಾಯಿತು. ಚಿತ್ರದ ಕೆಳಗಿನ ಸಣ್ಣಕ್ಷರದ ಆ ಒಂದು ಸಾಲನ್ನು ಓದಿದರೆ, ಜನ ಯಾವ ದಿನ ಯಾವುದಕ್ಕೆ ನಕ್ಕರೆಂಬುದು ತಿಳಿಯುತ್ತದೆ. ವಿಪರ್ಯಾಸವೆಂದರೆ, ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸುವ ಭರದಲ್ಲಿ ಎಷ್ಟೋ ಸಂಗ್ರಾಹಕರು ಮೊದಲು ಬಲಿಕೊಟ್ಟದ್ದು ಅದೇ ಸಾಲನ್ನು.

ಆ ಸಾಲಿನ ಬೆಲೆ ಏನೆಂಬುದಕ್ಕೆ ನಮ್ಮ ನೆಲಕ್ಕೇ ಸಂಬಂಧಿಸಿದ ಒಂದು ನಿದರ್ಶನ ಕೊಡುತ್ತೇನೆ. ಇದೇ ಗಿಲ್ರೆ 'ಮಳೆಗಾಲದ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ' ಎಂಬರ್ಥದ ಹೆಸರಿನಲ್ಲಿ ಒಂದು ಚಿತ್ರ ಬರೆದಿದ್ದಾನೆ. ಅದರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಕೋಟೆಯ ಬಳಿಯಿಂದ ಓಡುತ್ತಿದ್ದಾನೆ. ಕೋಟೆಯ ಮೇಲೆ ನಿಂತ ಟಿಪ್ಪು ಅವನಿಗೆ ಮಾಡುವ ಅಪಮಾನವನ್ನು ಮೇಷ್ಟ್ರಾದ ನಾನು ಇಲ್ಲಿ ವರ್ಣಿಸಲಾರೆ. 'ಮಳೆ' ಎಂಬ ಮಾತಿನ ಶ್ಲೇಷೆಯಿಂದ ನೀವೇ ಊಹಿಸಿಕೊಳ್ಳಿ. ನಮ್ಮ ಪಠ್ಯಪುಸ್ತಕಗಳಲ್ಲಿ ಕಾರ್ನ್‌ವಾಲಿಸನನ್ನು ಟಿಪ್ಪುವಿನ ಮಕ್ಕಳನ್ನು ಒತ್ತೆಯಾಳುಗಳಾಗಿ ಸ್ವೀಕರಿಸುವ ಗಂಭೀರ ವರ್ಣಚಿತ್ರಗಳಲ್ಲೇ ಕಂಡಿದ್ದೇವೆ. ಅವನದೇ ರಾಜಧಾನಿಯಲ್ಲಿ, ಅವನದೇ ಜನ ಅವನನ್ನು ಹೀಗೆ ನಕ್ಕಿದ್ದರೆಂದು ನನಗೆ ತಿಳಿದದ್ದು ಸೇವೆಯಿಂದ ನಿವೃತ್ತನಾದ ಮೇಲೆ.

ಆ ಚಿತ್ರದ ಕೆಳಗಿನ ದಿನಾಂಕ 1791ರ ಡಿಸೆಂಬರ್ 6. ಈ ದಿನಾಂಕವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ನೋಡಿ. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಗೆದ್ದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದ ಅರಕೆರೆಯವರೆಗೆ ಬಂದ. ಮೇ 15ರ ಕಾಳಗದಲ್ಲಿ ಅವನ ಕೈ ಮೇಲಾದರೂ ಮಳೆ ಹಿಡಿದಿತ್ತು, ದನಗಳು ಸತ್ತಿದ್ದವು, ಸೈನ್ಯಕ್ಕೆ ಧಾನ್ಯವಿರಲಿಲ್ಲ. ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಹಿಂತಿರುಗಿದ. ಹಡಗಿನಲ್ಲಿ ಆ ಸುದ್ದಿ ಲಂಡನ್ನಿಗೆ ತಲುಪಿ ನಗೆಯಾಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. 1792ರ ಫೆಬ್ರವರಿಯಲ್ಲಿ ಅದೇ ಕಾರ್ನ್‌ವಾಲಿಸ್ ಮತ್ತೆ ಬಂದು ಮುತ್ತಿದ. ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. ಅಂದರೆ ಗಿಲ್ರೆಯ ನಗೆ ಸಲ್ಲುತ್ತಿದ್ದುದು ಕೆಲವೇ ತಿಂಗಳ ಮಟ್ಟಿಗೆ. ದಿನಾಂಕವನ್ನು ಕತ್ತರಿಸಿ ತೆಗೆಯಿರಿ: ಅದೇ ಚಿತ್ರವನ್ನು ಟಿಪ್ಪುವಿನ ಅಭಿಮಾನಿ ತನಗೆ ಬೇಕಾದಂತೆಯೂ ವಿರೋಧಿ ತನಗೆ ಬೇಕಾದಂತೆಯೂ ಬಳಸಬಲ್ಲರು. ದಿನಾಂಕವಿದ್ದರೆ ಇಬ್ಬರೂ ಸ್ವಲ್ಪ ಸುಮ್ಮನಿರಬೇಕಾಗುತ್ತದೆ.

ಕತ್ತರಿಸಿದ ಚಿತ್ರ ಎಷ್ಟು ದೂರ ದಾರಿ ತಪ್ಪಬಲ್ಲದೆಂಬುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನಲ್ಲಿ ಬಂಧುಗಳೊಬ್ಬರ ಮದುವೆಗೆ ಹೋದಾಗ ಒಂದು ವಸತಿಗೃಹದಲ್ಲಿ ಉಳಿದಿದ್ದೆವು. ಅಲ್ಲಿನ ಹಜಾರದಲ್ಲಿ, ಹುಲಿಯ ಮೇಲೆ ಸಿಂಹ ಎರಗುತ್ತಿರುವ ಒಂದು ಹಳೆಯ ಪಟವಿತ್ತು. ಬೇಟೆಯ ಚಿತ್ರವೆಂದುಕೊಂಡು ನಮ್ಮ ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಗುರುತು ಹತ್ತಿತು. ಅದು ಲಂಡನ್ನಿನ 'ಪಂಚ್' ವಾರಪತ್ರಿಕೆಯಲ್ಲಿ 1857ರ ಆಗಸ್ಟ್ 22ರಂದು ಬಂದ ಜಾನ್ ಟೆನಿಯಲ್‌ನ ವ್ಯಂಗ್ಯಚಿತ್ರ. ಹುಲಿ ಎಂದರೆ ದಂಗೆಯೆದ್ದ ನಮ್ಮ ಸಿಪಾಯಿಗಳು. ಅದರ ಅಡಿಯಲ್ಲಿ ಬಿದ್ದಿರುವುದು ಬಿಳಿಯ ತಾಯಿ ಮತ್ತು ಮಗು. ಸಿಂಹ ತೀರಿಸಿಕೊಳ್ಳುತ್ತಿರುವುದು ಬ್ರಿಟನ್ನಿನ ಸೇಡು. ಎರಡು ಪುಟಗಳನ್ನು ತುಂಬಿದ್ದ ಚಿತ್ರವಾದ್ದರಿಂದ ನಡುವೆ ಮಡಿಕೆಯ ಗುರುತು ಸ್ಪಷ್ಟವಾಗಿತ್ತು. ಯಾವುದೋ ಸಂಪುಟವನ್ನು ಹರಿದು ಮಾರಿದ ಹಾಳೆ ಅದು. ತಲೆಬರಹ ರಟ್ಟಿನ ಅಡಿಗೆ ಹೋಗಿತ್ತು.

ಆ ಪಟ ಅಲ್ಲಿರಬಾರದೆಂದು ನಾನು ಹೇಳುವುದಿಲ್ಲ. ನಮ್ಮನ್ನು ಹೀಯಾಳಿಸಿದ ಚಿತ್ರಗಳನ್ನೂ ನಾವು ಕಾಪಾಡಬೇಕು; ಎದುರಾಳಿಯ ಸಿಟ್ಟು ಹೇಗಿತ್ತೆಂದು ತಿಳಿಯುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆಯಿಲ್ಲ. ಆದರೆ ಆ ಸಂಪುಟ ಇಡಿಯಾಗಿದ್ದಿದ್ದರೆ, ಎರಡು ತಿಂಗಳ ನಂತರದ ಪುಟಗಳಲ್ಲಿ ಅದೇ ಪತ್ರಿಕೆ ಗವರ್ನರ್ ಜನರಲ್ ಕ್ಯಾನಿಂಗನ 'ದಯಾಪರತೆ'ಯನ್ನು ಅಣಕಿಸಿದ್ದೂ ಕಾಣುತ್ತಿತ್ತು. ಸೇಡು ಬೇಡವೆಂದ ತಮ್ಮವನನ್ನೇ ಆ ಪತ್ರಿಕೆ ಬಿಡಲಿಲ್ಲ. ಇಂಥ ಹೋಲಿಕೆಯನ್ನು ಇಡೀ ಸಂಪುಟ ಕಲಿಸುತ್ತದೆ. ಒಂಟಿ ಹಾಳೆ ಗೋಡೆಯನ್ನು ತುಂಬುತ್ತದೆ, ಅಷ್ಟೆ.

ನನ್ನ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಇಡೀ ಸಂಪುಟ ಕೊಳ್ಳಲು ಎಲ್ಲರಿಗೂ ಶಕ್ತಿಯೆಲ್ಲಿದೆ, ಬಿಡಿಹಾಳೆಯಾದರೆ ಸಾಮಾನ್ಯನೂ ಕೊಳ್ಳಬಹುದಲ್ಲ ಎಂಬುದು. ಇದು ನ್ಯಾಯವಾದ ಮಾತು. ಅಲ್ಲದೆ ಬಿಡಿಹಾಳೆಯನ್ನು ಕೊಂಡ ಸಾಮಾನ್ಯರಿಂದಲೇ ಉಳಿದ ಮಹಾಕೃತಿಗಳೂ ಇವೆ. 1834ರ ಏಪ್ರಿಲ್ 15ರಂದು ಪ್ಯಾರಿಸಿನ ಟ್ರಾನ್ಸ್‌ನೊನೆ ಬೀದಿಯ ಮನೆಯೊಂದಕ್ಕೆ ಸರ್ಕಾರಿ ಸೈನಿಕರು ನುಗ್ಗಿ, ಅಲ್ಲಿದ್ದವರನ್ನು ಕೊಂದಾಗ, ಒನೊರೆ ಡೊಮಿಯೆ ಆ ಸಾವನ್ನು ಕಲ್ಲಚ್ಚಿನಲ್ಲಿ ಚಿತ್ರಿಸಿದ. ದೊರೆ ಲೂಯಿ ಫಿಲಿಪ್‌ನನ್ನು ಹೊಟ್ಟೆಬಾಕನಾಗಿ ಚಿತ್ರಿಸಿದ್ದಕ್ಕೆ 1832ರಲ್ಲಿ ಸೆರೆಮನೆ ಕಂಡುಬಂದಿದ್ದ ಕಲಾವಿದ ಅವನು. ಸರ್ಕಾರ ಈ ಚಿತ್ರದ ಅಚ್ಚಿನ ಕಲ್ಲನ್ನೂ ಸಿಕ್ಕ ಪ್ರತಿಗಳನ್ನೂ ವಶಪಡಿಸಿಕೊಂಡಿತು. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿರುವುದು ಅದಕ್ಕೆ ಸಿಕ್ಕದೆ ಯಾರ್ಯಾರದೋ ಮನೆಗಳಲ್ಲಿ ಉಳಿದ ಹಾಳೆಗಳು. ಆ ಚಿತ್ರದ ಹೆಸರಿನಲ್ಲೇ ಬೀದಿಯೂ ತಾರೀಖೂ ಇರುವುದನ್ನು ಗಮನಿಸಿ. ಡೊಮಿಯೆಗೆ ಯಾವುದು ಮುಖ್ಯವೆಂದು ಗೊತ್ತಿತ್ತು.

ಎರಡನೆಯ ಆಕ್ಷೇಪ, ಹಿಂದಿನ ಸಂಗ್ರಾಹಕರೂ ಕತ್ತರಿಸಿ ಅಂಟಿಸಿದವರೇ ಅಲ್ಲವೇ ಎಂಬುದು. ಹೌದು. ವಿಜ್ಞಾನಿ ಜೋಸೆಫ್ ಬ್ಯಾಂಕ್ಸನ ತಂಗಿ ಸಾರಾ ಬ್ಯಾಂಕ್ಸ್ ವಿಡಂಬನ ಚಿತ್ರಗಳನ್ನಲ್ಲದೆ ಬೀದಿಯಲ್ಲಿ ಹಂಚುವ ಚೀಟಿಗಳನ್ನೂ ಬಿಡದೆ ಕೂಡಿಟ್ಟವಳು. ಆದರೆ ಅವಳು ಸಿಕ್ಕಿದ್ದನ್ನು ಗುರುತು ಬರೆದು ಇಟ್ಟಳು. 1818ರಲ್ಲಿ ಅವಳು ತೀರಿಕೊಂಡ ಮೇಲೆ ಅವಳ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿತು. 1868ರಲ್ಲಿ ಎಡ್ವರ್ಡ್ ಹಾಕಿನ್ಸ್ ಎಂಬುವನ ದೊಡ್ಡ ಸಂಗ್ರಹವೂ ಅಲ್ಲಿಗೆ ಬಂತು. ಆಮೇಲೆ ಸ್ಟೀಫನ್ಸ್ ಎಂಬ ವಿದ್ವಾಂಸ 1870ರಿಂದ ನಾಲ್ಕು ಸಂಪುಟ, ಡೊರೊಥಿ ಜಾರ್ಜ್ ಎಂಬ ಚರಿತ್ರೆಕಾರ್ತಿ 1935ರಿಂದ 1954ರವರೆಗೆ ಏಳು ಸಂಪುಟ ಹೀಗೆ ಆ ಸೂಚಿಯನ್ನು ರಚಿಸಿದರು. 17,000ಕ್ಕೂ ಹೆಚ್ಚು ಚಿತ್ರಗಳಲ್ಲಿ ಯಾರು ಯಾರು, ಯಾವ ಮಾತಿಗೆ ಏನರ್ಥ ಎಂದು ಒಂದೊಂದನ್ನೂ ಅವರು ವಿವರಿಸಿದ್ದಾರೆ. ಇಂದು ಆ ಚಿತ್ರಗಳನ್ನೂ ವಿವರಣೆಗಳನ್ನೂ ನಾವು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಕತ್ತರಿಗಿಂತ ದೊಡ್ಡ ತಪ್ಪು ಬರೆದಿಡದಿರುವುದು ಎಂಬುದಕ್ಕೆ ಸಾರಾ ಬ್ಯಾಂಕ್ಸಳೇ ಸಾಕ್ಷಿ.

ಆದ್ದರಿಂದ ಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೆ. ಹಳೆಯ ಚಿತ್ರವನ್ನು ಕೊಳ್ಳುವ ಮುನ್ನ ಚೌಕಟ್ಟಿನಿಂದ ಬಿಚ್ಚಿ ತೋರಿಸಲು ಹೇಳಿ. ಬೆನ್ನನ್ನು ನೋಡಿ. ಅಂಚು ಉಳಿದಿದೆಯೇ, ಪ್ರಕಟಣೆಯ ಸಾಲು ಇದೆಯೇ, ತಗಡು ಒತ್ತಿದ ತಗ್ಗಿನ ಗುರುತು ಕಾಣುತ್ತದೆಯೇ, ಬಣ್ಣ ಅಂದಿನದೋ ಇಂದಿನದೋ ಎಂದು ಕೇಳಿ. ಬೆಳಕಿಗೆ ಹಿಡಿದರೆ ಕೆಲವು ಕಾಗದಗಳಲ್ಲಿ ತಯಾರಕನ ಹೆಸರೂ ವರ್ಷವೂ ನೀರ್ಗುರುತಾಗಿ ಕಾಣುತ್ತವೆ. ಚಿತ್ರದ ತಾರೀಖಿಗಿಂತ ಕಾಗದದ ವರ್ಷ ಈಚಿನದಾಗಿದ್ದರೆ ಅದು ಮರುಮುದ್ರಣವೆಂದು ತಿಳಿಯಿರಿ. ಮರುಮುದ್ರಣವನ್ನು ಮರುಮುದ್ರಣವೆಂದು ತಿಳಿದು ಕೊಂಡರೆ ನಷ್ಟವೇನೂ ಇಲ್ಲ. ತಂದ ಮೇಲೆ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಎಲ್ಲಿ, ಎಂದು, ಯಾರಿಂದ ಕೊಂಡಿರೆಂದು ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡಿ. ನಿಮ್ಮ ಮನೆಯ ಅಟ್ಟದಲ್ಲಿ 'ಕೊರವಂಜಿ'ಯೋ, 1975ರಲ್ಲಿ ನಿಂತುಹೋದ 'ಶಂಕರ್ಸ್ ವೀಕ್ಲಿ'ಯೋ ಇದ್ದರೆ ದಯವಿಟ್ಟು ಇಡಿಯಾಗಿ ಉಳಿಸಿ. ಜಾಗವಿಲ್ಲವಾದರೆ ಯಾವುದಾದರೂ ಗ್ರಂಥಾಲಯಕ್ಕೆ ಕೊಡಿ. ಚಿತ್ರ ಬೇಕೆನಿಸಿದರೆ ಫೋಟೋ ತೆಗೆದುಕೊಳ್ಳಿ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. 1975ರಲ್ಲಿ ನನ್ನ ಜೇಬಿನಲ್ಲಿ ಇರಲಿಲ್ಲವೆಂಬುದು ನನ್ನ ತಪ್ಪಿಗೆ ನೆಪವಾಗಲಾರದು.

ಕೊನೆಗೆ ಆ ರಾತ್ರಿಯ ಮಾತು. ಅಲ್ಬಮ್ಮಿನ ಹಾಳೆ ತಿರುವುತ್ತಿದ್ದಾಗ ಒಂದು ಚಿತ್ರದ ಅಂಟು ಒಣಗಿ ಅದು ತಾನಾಗಿ ಕಳಚಿಬಂತು. ಅದರ ಬೆನ್ನಿನ ಮೇಲೆ ಇನ್ನೊಂದು ಚಿತ್ರದ ಒಂದು ಮೂಲೆ, ಅದರ ಪಕ್ಕದಲ್ಲಿ ತಂದೆಯವರ ಪೆನ್ಸಿಲ್ ಅಕ್ಷರ. ನನ್ನ ಕತ್ತರಿ ಆ ಸಾಲಿನ ನಡುವೆಯೇ ಹಾದುಹೋಗಿತ್ತು. ಉಳಿದಿದ್ದುದು ಇಷ್ಟೇ: "...ಗೆ ಓದಿ ಹೇಳಿದೆ. ಬಹಳ ನಕ್ಕಳು."

ನನ್ನ ತಾಯಿಗೆ ಓದು ಬರುತ್ತಿರಲಿಲ್ಲ. ಅವರು ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವರ ಮುಖ ನೆನಪಿದೆ, ಕೈರುಚಿ ನೆನಪಿದೆ. ನಕ್ಕದ್ದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಯಾವ ಚಿತ್ರಕ್ಕೆ, ಯಾವ ವರ್ಷ ಅವರು ಅಷ್ಟು ನಕ್ಕರೆಂದು ಹೇಳಬಲ್ಲ ಕಾಗದವನ್ನು ನಾನೇ ತೂಕಕ್ಕೆ ಹಾಕಿದ್ದೆ.

ಆ ತುಣುಕನ್ನು ಈಗ ಅಂಟಿಸಿಲ್ಲ. ಒಂದು ಲಕೋಟೆಯಲ್ಲಿಟ್ಟು, ಅದರ ಮೇಲೆ ನನಗೆ ತಿಳಿದಷ್ಟನ್ನು ಬರೆದಿದ್ದೇನೆ: 'ಕೊರವಂಜಿ. 1957ಕ್ಕಿಂತ ಹಿಂದಿನದು. ಹಸ್ತಾಕ್ಷರ ತಂದೆಯವರದು. ನಕ್ಕವರು ಅಮ್ಮ.' ನಿಮ್ಮಲ್ಲಿ ಯಾರ ಬಳಿಯಾದರೂ ಆ ಕಾಲದ ಸಂಚಿಕೆಗಳು ಇಡಿಯಾಗಿ ಉಳಿದಿದ್ದರೆ ನನಗೊಂದು ಮಾತು ತಿಳಿಸಿ. ನಾನೇ ಬಂದು ಅಲ್ಲೇ ಕುಳಿತು ನೋಡಿಕೊಂಡು ಹೋಗುತ್ತೇನೆ. ಕತ್ತರಿಯನ್ನಂತೂ ಖಂಡಿತ ತರುವುದಿಲ್ಲ.